ಅತ್ತೆಯವರ ಬಾತುಕೋಳಿ ಬೇಟೆ

ದಸರಾ ಬಂತೆಂದರೆ ನಮ್ಮ ಮನೆಯಲ್ಲಿ ಅಟ್ಟ ಹತ್ತುವ ಕೆಲಸ ಶುರು. ಗೊಂಬೆಗಳ ಪೆಟ್ಟಿಗೆ ಇಳಿಸಬೇಕಾದರೆ ಅದರ ಮುಂದಿರುವ ಸಾಮಾನೆಲ್ಲ ಮೊದಲು ಇಳಿಯಬೇಕು. ಹಬ್ಬ ಮುಗಿದ ಮೇಲೆ ಅಷ್ಟೂ ಮತ್ತೆ ಮೇಲಕ್ಕೆ. ಹೋದ ವರ್ಷ ಹಾಗೆ ಇಳಿದದ್ದರಲ್ಲಿ ಗೋಣಿದಾರ ಸುತ್ತಿದ ಒಂದು ರಟ್ಟಿನ ಪೆಟ್ಟಿಗೆಯೂ ಇತ್ತು. ಮೇಲೆ ಸ್ಕೆಚ್ ಪೆನ್ನಿನಲ್ಲಿ ನನ್ನದೇ ಅಕ್ಷರ: ‘ಟಿ.ವಿ. ಆಟ. ಯಾರೂ ಬಿಸಾಡಕೂಡದು.’

ರಜೆಗೆ ಬಂದಿದ್ದ ಒಂಬತ್ತು ವರ್ಷದ ಮೊಮ್ಮಗಳು ದಾರ ಬಿಚ್ಚಿದಳು. ಒಳಗೆ ಕೆಂಪು-ಬಿಳಿ ಬಣ್ಣದ ಸಣ್ಣ ಯಂತ್ರ, ವೈರು ಸುತ್ತಿಟ್ಟ ಎರಡು ಗುಂಡಿಯ ಹಿಡಿಗಳು, ಹಳದಿ ಪ್ಲಾಸ್ಟಿಕ್ಕಿನ ನಾಲ್ಕು ಕ್ಯಾಸೆಟ್ಟು, ಎಲ್ಲಕ್ಕೂ ಕೆಳಗೆ ಒಂದು ಪಿಸ್ತೂಲು.

“ಅಜ್ಜಿ, ಈ ಗನ್ ಯಾರದ್ದು?”

“ನಿನ್ನ ಮುತ್ತಜ್ಜಿಯದ್ದು,” ಎಂದೆ.

ಹುಡುಗಿ ಗೋಡೆಯ ಮೇಲಿನ ಫೋಟೋ ನೋಡಿದಳು. ಗಂಧದ ಹಾರದೊಳಗೆ ನಮ್ಮತ್ತೆ ತಲೆಯ ಮೇಲೆ ಸೆರಗು ಹೊದ್ದು, ತುಟಿ ಬಿಗಿದು ಕೂತಿದ್ದಾರೆ. ಅವಳು ಒಮ್ಮೆ ಫೋಟೋ, ಒಮ್ಮೆ ಪಿಸ್ತೂಲು ನೋಡಿ, ಅಜ್ಜಿ ಸುಳ್ಳು ಹೇಳುತ್ತಿದ್ದಾಳೆ ಎಂದು ತೀರ್ಮಾನಿಸಿದಳು. ಅವಳ ತಪ್ಪಲ್ಲ. ಕಣ್ಣಾರೆ ಕಂಡ ನನಗೇ ಒಮ್ಮೊಮ್ಮೆ ನಂಬಿಕೆಯಾಗುವುದಿಲ್ಲ.

1994ರಲ್ಲಿ ನಮ್ಮವರು ಆಫೀಸಿನ ಕೆಲಸಕ್ಕೆ ಬೆಂಗಳೂರಿಗೆ ಹೋದವರು ಮೆಜೆಸ್ಟಿಕ್ಕಿನ ಹತ್ತಿರದ ಯಾವುದೋ ಅಂಗಡಿಯಿಂದ ಈ ಆಟ ತಂದಿದ್ದರು. ಎಷ್ಟು ಕೊಟ್ಟರೆಂದು ಮೂರು ದಿನ ಬಾಯಿಬಿಡಲಿಲ್ಲ. ಮೂರು ವರ್ಷದ ಹಿಂದೆ ಕಂತಿನ ಮೇಲೆ ಕೊಂಡಿದ್ದ 21 ಇಂಚಿನ ಬಣ್ಣದ ಟಿ.ವಿ. ಹಾಸನದ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ಮದುಮಗಳ ಹಾಗೆ ಕೂತಿತ್ತು. ಅದಕ್ಕೆ ನಾನೇ ಹಾಕಿದ ಕ್ರೋಶಾ ಹೊದಿಕೆ, ಮೇಲೊಂದು ತಲೆಯಾಡಿಸುವ ಚನ್ನಪಟ್ಟಣದ ಗೊಂಬೆ. ಆಟದ ಯಂತ್ರವನ್ನು ಅದಕ್ಕೆ ಸಿಕ್ಕಿಸಿದರೆ ‘ಪಿಕ್ಚರ್ ಟ್ಯೂಬ್ ಸುಟ್ಟುಹೋಗುತ್ತದೆ’ ಎಂದು ನಾನು, ‘ಹೋಗುವುದಿಲ್ಲ’ ಎಂದು ಮಕ್ಕಳು. ಎರಡು ದಿನ ಮನೆಯಲ್ಲಿ ರಾಮರಾವಣರ ಯುದ್ಧ. ಕೊನೆಗೆ ಗೆದ್ದವರು ಮಕ್ಕಳೇ.

ನಮ್ಮತ್ತೆ ಮಡಿಹೆಂಗಸು. ಈರುಳ್ಳಿ, ಬೆಳ್ಳುಳ್ಳಿ ಹೊಸಿಲು ದಾಟುವಂತಿರಲಿಲ್ಲ. ಇರುವೆ ಸಾಲು ಕಂಡರೆ ಚಿಟಿಕೆ ಸಕ್ಕರೆ ಉದುರಿಸಿ ದಾರಿ ತಪ್ಪಿಸುತ್ತಿದ್ದರೇ ಹೊರತು ಹೊಸಕಿದವರಲ್ಲ. ನನಗೂ ಅವರಿಗೂ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ‘ಹಾಲಿನವನು ಬಂದ’, ‘ಸಾರಿಗೆ ಉಪ್ಪು ಮುಂದಾಗಿದೆ’ ಎಂಬುದಕ್ಕಿಂತ ದೊಡ್ಡ ಮಾತು ನಮ್ಮಿಬ್ಬರ ನಡುವೆ ನಡೆದದ್ದು ನೆನಪಿಲ್ಲ.

ಒಂದು ಭಾನುವಾರ ಮಕ್ಕಳು ಬಾತುಕೋಳಿ ಹೊಡೆಯುವ ಆಟ ಹಾಕಿದ್ದರು. ಹುಲ್ಲಿನ ಪೊದೆಯಿಂದ ಬಾತುಕೋಳಿ ಹಾರುತ್ತದೆ, ಟಿ.ವಿ.ಗೆ ಪಿಸ್ತೂಲು ಹಿಡಿದು ಹೊಡೆಯಬೇಕು. ಗುರಿ ತಪ್ಪಿದರೆ ಪೊದೆಯ ಹಿಂದಿನಿಂದ ಒಂದು ನಾಯಿ ಎದ್ದು, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತದೆ. ಮಗ ಮೂರು ಸಲ ತಪ್ಪಿಸಿದ. ನಾಯಿ ಮೂರು ಸಲ ನಕ್ಕಿತು. ಮೂಲೆಯಲ್ಲಿ ಜಪ ಮಾಡುತ್ತಿದ್ದ ಅತ್ತೆಯವರ ಮಣಿಸರ ನಿಂತಿತು.

“ಆ ನಾಯಿಗೆ ಎಷ್ಟು ಕೊಬ್ಬು ನೋಡು! ಕೊಡೋ ಇಲ್ಲಿ.”

ಮೊದಲ ಎರಡು ತಪ್ಪಿತು. ಮೂರನೆಯದಕ್ಕೆ ಬಾತುಕೋಳಿ ಸುಳಿ ತಿರುಗುತ್ತ ಬಿತ್ತು. ಅತ್ತೆ ಏನೂ ಆಗಲಿಲ್ಲವೆಂಬಂತೆ ಪಿಸ್ತೂಲು ಕೆಳಗಿಟ್ಟು ಮತ್ತೆ ಮಣಿ ಎಣಿಸತೊಡಗಿದರು.

ಮಾರನೆಯ ದಿನ ಮಕ್ಕಳು ಸ್ಕೂಲಿಗೆ, ಇವರು ಆಫೀಸಿಗೆ ಹೋದ ಮೇಲೆ, ಊಟವಾಗಿ ಎಲೆ ಅಡಿಕೆ ಹಾಕಿಕೊಂಡವರು ನನ್ನ ಮುಖ ನೋಡದೆ, “ಆ ಪೆಟ್ಟಿಗೆ ಸ್ವಲ್ಪ ಹಾಕ್ತೀಯೇನೆ?” ಎಂದರು. ಅಂದಿನಿಂದ ಮಧ್ಯಾಹ್ನ ಎರಡರಿಂದ ಮೂರು ನಮ್ಮ ಬೇಟೆಯ ಹೊತ್ತು. ಅವರು ಹೊಡೆಯುವುದು, ನಾನು ಪಕ್ಕದಲ್ಲಿ ಕೂತು ‘ಎಡಗಡೆ ಬಂತು ಅತ್ತೆ, ಎಡಗಡೆ’ ಎನ್ನುವುದು. “ಪಾಪ ಬರೋಲ್ವೆ ಅತ್ತೆ?” ಎಂದು ಒಂದು ದಿನ ಕೆಣಕಿದೆ. “ಸತ್ತದ್ದು ಮರುಗಳಿಗೆಗೆ ಮತ್ತೆ ಹಾರುತ್ತಲ್ಲೇ! ಅದಕ್ಕೆ ಎಲ್ಲಿಯ ಪಾಪ?” ಎಂದರು. ಗುರಿ ಹಿಡಿದಿರುವಾಗ ಅವರ ಬಾಯಿ ತಾನಾಗಿ ತೆರೆಯುತ್ತಿತ್ತು. ತವರಿನಲ್ಲಿ ಮಾವಿನಕಾಯಿಗೆ ಕಲ್ಲು ಹೊಡೆಯುವುದರಲ್ಲಿ ಅಣ್ಣಂದಿರನ್ನು ಸೋಲಿಸುತ್ತಿದ್ದರಂತೆ. ಹದಿನಾಲ್ಕಕ್ಕೆ ಮದುವೆಯಾಯಿತು. ಆಮೇಲೆ ಕಲ್ಲನ್ನು ಕೈಯಲ್ಲಿ ಹಿಡಿದದ್ದು ಒರಳು ತೊಳೆಯುವಾಗ ಮಾತ್ರವಂತೆ. ಹನ್ನೊಂದು ವರ್ಷದಲ್ಲಿ ತಿಳಿಯದ ನಮ್ಮತ್ತೆ ಹನ್ನೊಂದು ತಿಂಗಳಲ್ಲಿ ತಿಳಿದರು. 1999ರಲ್ಲಿ ಅವರು ಹೋದರು. ಆ ಆಟವನ್ನು ನಾನು ಕಟ್ಟಿ ಅಟ್ಟಕ್ಕಿಟ್ಟೆ.

ಈಗ ಇಷ್ಟು ವರ್ಷದ ಮೇಲೆ ಮೊಮ್ಮಗಳಿಗೆ ಅದನ್ನು ತೋರಿಸಬೇಕು. ನಮ್ಮ ಗೋಡೆಯ ಮೇಲೆ ಈಗ ಇರುವುದು ಚಪ್ಪಟೆ ಟಿ.ವಿ. ಅದರ ಮೇಲೆ ಗೊಂಬೆ ಇಡುವುದಕ್ಕೆ ಜಾಗವಿಲ್ಲವೆಂಬ ದುಃಖ ನನಗೆ ಮೊದಲೇ ಇತ್ತು. ಹಳೆಯ ಆಟದ ಹಳದಿ-ಬಿಳಿ ಪಿನ್ನು ಸಿಕ್ಕಿಸಲು ತೂತೂ ಇಲ್ಲವೆಂದು ಈಗ ಗೊತ್ತಾಯಿತು. ಮಗಳು ಪೇಟೆಯಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ ತಂದಳು. ಒಂದು ಕಡೆ ಹಳೆಯ ಪಿನ್ನು, ಇನ್ನೊಂದು ಕಡೆ ಹೊಸ ವೈರು. ಚಿತ್ರವೇನೋ ಬಂತು. ಆದರೆ ನಮ್ಮ ಮೀಸೆಯ ಮಾರಿಯೋ ಒಳ್ಳೆ ಊಟದ ಮನೆಯ ಅಳಿಯನ ಹಾಗೆ ಅಡ್ಡಡ್ಡ ದಪ್ಪವಾಗಿದ್ದ. ಅಂಚುಗಳೆಲ್ಲ ನೆನೆದ ಕಾಗದದ ಮೇಲಿನ ಶಾಯಿಯಂತೆ ಹರಡಿದ್ದವು. ಗುಂಡಿ ಒತ್ತಿದರೆ ಅವನು ಒಂದು ಯೋಚನೆ ಮಾಡಿ ಆಮೇಲೆ ಹಾರುತ್ತಿದ್ದ. ಅಷ್ಟರಲ್ಲಿ ಹಳ್ಳಕ್ಕೆ ಬಿದ್ದಿರುತ್ತಿದ್ದ.

ಬಾತುಕೋಳಿ ಆಟ ಹಾಕಿದೆವು. ಮೊಮ್ಮಗಳು ಹೊಡೆದಳು, ಮಗಳು ಹೊಡೆದಳು, ನಾನೂ ಹೊಡೆದೆ. ಪಿಸ್ತೂಲನ್ನು ಟಿ.ವಿ.ಯ ಗಾಜಿಗೇ ತಾಗಿಸಿ ಹೊಡೆದೆವು. ಒಂದೂ ಬೀಳಲಿಲ್ಲ. ನಾಯಿ ನಗುತ್ತಲೇ ಇತ್ತು. “ಗನ್ ಕೆಟ್ಟಿದೆ ಬಿಡಮ್ಮ,” ಎಂದಳು ಮಗಳು.

ನನಗೆ ತಡೆಯಲಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಟಿ.ವಿ. ರಿಪೇರಿ ಮಾಡುತ್ತಿದ್ದ ಹಳಬರೊಬ್ಬರು ಈಗ ಮೊಬೈಲು ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾರೆ. ಪಿಸ್ತೂಲನ್ನು ಚೀಲದಲ್ಲಿ ಹಾಕಿಕೊಂಡು ಅಲ್ಲಿಗೆ ಹೋದೆ. ಅವರು ಬಿಚ್ಚಿ ನೋಡಿ, ಮತ್ತೆ ಸ್ಕ್ರೂ ಹಾಕಿ, “ಗನ್ ಸರಿಯಾಗೇ ಇದೆ ಅಮ್ಮಾ. ಅದು ಹುಡುಕೋ ಬೆಳಕು ಈಗಿನ ಟಿ.ವಿ.ಯಲ್ಲಿ ಬರೋಲ್ಲ. ಹಳೇ ಟಿ.ವಿ. ಇಟ್ಟಿದ್ದೀರಾ?” ಎಂದರು.

ಎಲ್ಲಿಯದು! 2011ರಲ್ಲಿ ಅದನ್ನು ಗುಜರಿಯವನಿಗೆ ಮುನ್ನೂರು ರೂಪಾಯಿಗೆ ಕೊಟ್ಟು, ಒಳ್ಳೆಯ ವ್ಯಾಪಾರ ಮಾಡಿದೆನೆಂದು ಬೀಗಿದ್ದೆ. ಆಟಿಕೆಯನ್ನು ಜೋಪಾನವಾಗಿ ಕಟ್ಟಿಟ್ಟೆನೆಂದು ಇಷ್ಟು ವರ್ಷ ಅಂದುಕೊಂಡಿದ್ದೆನಲ್ಲ, ನಿಜವಾಗಿ ಅರ್ಧ ಕಟ್ಟಿಟ್ಟು ಅರ್ಧ ಮಾರಿದ್ದೆ.

ಅದು ಹೇಗೆ ಅರ್ಧ ಎಂಬುದನ್ನು ತಿಳಿಯಬೇಕೆಂಬ ಗುಂಗು ಹಿಡಿಯಿತು. ಮಗಳು ತಂದುಕೊಟ್ಟದ್ದು, ನಾನೇ ಹುಡುಕಿದ್ದು, ಒಂದೆರಡು ತಿಂಗಳು ಇದೇ ಓದು. ಅಡುಗೆಯಲ್ಲಿ ಉಪ್ಪು ಮರೆತಾಗಲೆಲ್ಲ ನಮ್ಮವರು, “ಇವತ್ತು ಯಾವ ದೇಶದಲ್ಲಿದ್ದೀಯೇ?” ಎಂದು ಕೇಳುತ್ತಿದ್ದರು.

ಮೊದಲು ಹೋದದ್ದು ಜರ್ಮನಿಗೆ. 1897ರಲ್ಲಿ ಕಾರ್ಲ್ ಫರ್ಡಿನಾಂಡ್ ಬ್ರೌನ್ ಎಂಬ ಭೌತವಿಜ್ಞಾನಿ ಗಾಳಿ ತೆಗೆದ ಒಂದು ಗಾಜಿನ ಕೊಳವೆ ಮಾಡಿದರು. ಒಂದು ತುದಿಯಿಂದ ಎಲೆಕ್ಟ್ರಾನುಗಳ ಸಣ್ಣ ಧಾರೆ ಹೊರಟು, ಇನ್ನೊಂದು ತುದಿಯ ಗಾಜಿಗೆ ಬಳಿದ ಪುಡಿಗೆ ಬಡಿದರೆ ಅಲ್ಲಿ ಬೆಳಕಿನ ಚುಕ್ಕೆ ಮೂಡುತ್ತದೆ. ಆ ಧಾರೆಯನ್ನು ಬೇಕಾದ ಕಡೆ ಬಾಗಿಸಬಹುದು. ನಮ್ಮ ಮನೆಗಳಲ್ಲಿ ಗೂನು ಬೆನ್ನು ಹೊತ್ತು ಕೂತಿದ್ದ ಟಿ.ವಿ.ಗಳ ಪಿಕ್ಚರ್ ಟ್ಯೂಬ್ ಅದರ ಮೊಮ್ಮಗ. ಅದರೊಳಗೆ ಪೂರ್ತಿ ಚಿತ್ರ ಎಂಬುದು ಯಾವ ಕ್ಷಣದಲ್ಲೂ ಇರುವುದಿಲ್ಲ. ಒಂದೇ ಒಂದು ಚುಕ್ಕೆ ಎಡದಿಂದ ಬಲಕ್ಕೆ ಗೆರೆ ಎಳೆಯುತ್ತ, ಗೆರೆಯ ಕೆಳಗೆ ಗೆರೆ ಎಳೆಯುತ್ತ ಓಡುತ್ತಿರುತ್ತದೆ. ರಂಗೋಲಿ ಹಾಕುವ ಕೈ ಒಂದೇ, ಆದರೆ ಓಟ ಎಷ್ಟೆಂದರೆ ನಮ್ಮ ಕಣ್ಣಿಗೆ ಇಡೀ ಅಂಗಳವೇ ಕಾಣುತ್ತದೆ. ನಮ್ಮ ದೇಶದ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಒಂದು ಸಲಕ್ಕೆ ಗೆರೆ ಬಿಟ್ಟು ಗೆರೆ ಎಳೆದು, ಇನ್ನೊಂದು ಸಲ ಬಿಟ್ಟ ಗೆರೆಗಳನ್ನು ತುಂಬುವುದರಿಂದ ಸೆಕೆಂಡಿಗೆ 50 ಸಲ ಮೇಲಿಂದ ಕೆಳಗೆ ಪ್ರಯಾಣ. ಅಮೆರಿಕ, ಜಪಾನುಗಳಲ್ಲಿ 525 ಗೆರೆ, ಸುಮಾರು 60 ಪ್ರಯಾಣ.

ಇಂಥ ಟಿ.ವಿ.ಯನ್ನು ಬರೀ ನೋಡುವುದಕ್ಕಲ್ಲದೆ ಆಡುವುದಕ್ಕೂ ಬಳಸಬಹುದೆಂದು ಹೊಳೆದದ್ದು ರಾಲ್ಫ್ ಬೇರ್ ಎಂಬ ಇಂಜಿನಿಯರಿಗೆ. 1922ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಯಹೂದಿ ಹುಡುಗ. 1938ರಲ್ಲಿ ಹಿಟ್ಲರನ ಕಾಟಕ್ಕೆ ಮನೆಮಂದಿಯೆಲ್ಲ ಅಮೆರಿಕಕ್ಕೆ ಓಡಿಬಂದರು. ಮುಂದೆ ನ್ಯೂ ಹ್ಯಾಂಪ್‌ಷೈರಿನಲ್ಲಿ ಸೈನ್ಯಕ್ಕೆ ಉಪಕರಣ ಮಾಡಿಕೊಡುವ ಕಂಪನಿಯಲ್ಲಿ ಕೆಲಸ. 1966ರ ಆಗಸ್ಟ್ ಕೊನೆಯಲ್ಲಿ ನ್ಯೂಯಾರ್ಕಿನ ಬಸ್ ನಿಲ್ದಾಣದಲ್ಲಿ ಯಾರನ್ನೋ ಕಾಯುತ್ತಿದ್ದಾಗ ಮನೆಮನೆಯಲ್ಲೂ ಇರುವ ಈ ಪೆಟ್ಟಿಗೆಗೆ ಆಟ ಜೋಡಿಸಿದರೆ ಹೇಗೆಂದು ಟಿಪ್ಪಣಿ ಗೀಚಿಕೊಂಡು, ಸೆಪ್ಟೆಂಬರ್ 1ರಂದು ನಾಲ್ಕು ಪುಟದ ಬರಹ ಮಾಡಿಟ್ಟರು. ಆಗ ನಮ್ಮ ದೇಶದಲ್ಲಿ ದೆಹಲಿ ಬಿಟ್ಟು ಇನ್ನೆಲ್ಲೂ ಟಿ.ವಿ. ಇರಲಿಲ್ಲ, ಬೆಂಗಳೂರಿಗೆ ಬಂದದ್ದು 1981ರಲ್ಲಿ. ಬೇರ್ ಮತ್ತವರ ಇಬ್ಬರು ಜೊತೆಗಾರರು ಮಾಡಿದ ಯಂತ್ರ 1972ರಲ್ಲಿ ‘ಒಡಿಸ್ಸಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೆ ಸದ್ದಿಲ್ಲ, ಬಣ್ಣವಿಲ್ಲ, ಅಂಕಿ ಎಣಿಸಲೂ ಬರುವುದಿಲ್ಲ. ಕಪ್ಪು ತೆರೆಯ ಮೇಲೆ ಕೆಲವು ಬಿಳಿ ಚುಕ್ಕೆ, ಒಂದು ಗೆರೆ, ಅಷ್ಟೆ. ಟೆನಿಸ್ ಮೈದಾನ ಬೇಕೆಂದರೆ ಬಣ್ಣದ ಪ್ಲಾಸ್ಟಿಕ್ ಹಾಳೆಯೊಂದನ್ನು ಟಿ.ವಿ.ಯ ಗಾಜಿಗೆ ಅಂಟಿಸಬೇಕು. ಹಾಳೆ ನಿಲ್ಲುತ್ತಿದ್ದದ್ದು ಗೋಂದಿನಿಂದಲ್ಲ, ಟಿ.ವಿ. ಉರಿಯುವಾಗ ಗಾಜಿನ ಮೇಲೆ ಹುಟ್ಟುವ ವಿದ್ಯುತ್ತಿನಿಂದ. ಆಗ ಟಿ.ವಿ. ಒರೆಸಲು ಹೋದರೆ ಕೈಯ ಕೂದಲು ನಿಲ್ಲುತ್ತಿತ್ತಲ್ಲ, ಅದೇ. ಹುಟ್ಟಿದ ದಿನದಿಂದ ಈ ಆಟ ಆ ಗಾಜನ್ನು ನೆಚ್ಚಿಕೊಂಡೇ ಬೆಳೆದದ್ದು.

ನಮ್ಮತ್ತೆಯವರ ಪಿಸ್ತೂಲಿನ ಮೂಲ ಜಪಾನಿನಲ್ಲಿದೆ. ಕ್ಯೋಟೋ ನಗರದ ನಿಂಟೆಂಡೊ ಕಂಪನಿ 1889ರಲ್ಲಿ ಶುರುವಾದದ್ದು ಹೂವಿನ ಚಿತ್ರದ ಇಸ್ಪೀಟೆಲೆ ಮಾಡುವುದಕ್ಕೆ. ಅದಕ್ಕೆ ಬೆಳಕು ಗುರುತಿಸುವ ಬಿಲ್ಲೆಗಳನ್ನು ಮಾರಲು ಬರುತ್ತಿದ್ದವರು ಬೇರೊಂದು ಕಂಪನಿಯ ಮಸಾಯುಕಿ ಉಯೆಮುರಾ. ಆ ಬಿಲ್ಲೆಗಳಿಂದ ನಿಂಟೆಂಡೊದ ಗುನ್‌ಪೆಯ್ ಯೊಕೊಯ್ ಆಟಿಕೆ ಬಂದೂಕು ಮಾಡಿದರು. ಬಂದೂಕು ಬೆಳಕು ಚೆಲ್ಲಿದರೆ ಗುರಿಯಲ್ಲಿದ್ದ ಬಿಲ್ಲೆ ಅದನ್ನು ಕಂಡು ಬಾಟಲಿಯನ್ನು ಹಾರಿಸುತ್ತಿತ್ತು. ಮಾರಲು ಬಂದ ಉಯೆಮುರಾ ಅಲ್ಲೇ ಕೆಲಸಕ್ಕೆ ಸೇರಿದರು. 1976ರಲ್ಲಿ ಕಂಪನಿ ಗೋಡೆಯ ಮೇಲೆ ಬಾತುಕೋಳಿಯ ಚಿತ್ರ ಹಾರಿಸಿ ಹೊಡೆಯುವ ಆಟಿಕೆ ತಂದಿತು. ಬಾತುಕೋಳಿ ಟಿ.ವಿ.ಗೆ ಬರುವ ಮುಂಚೆ ಗೋಡೆಯ ಮೇಲೆ ಹಾರಿತ್ತು.

1981ರ ಕೊನೆಗೆ ಕಂಪನಿಯ ಯಜಮಾನರಾದ ಹಿರೋಷಿ ಯಮೌಚಿ ಇದೇ ಉಯೆಮುರಾರಿಗೆ ಕ್ಯಾಸೆಟ್ ಬದಲಿಸಿ ಆಡುವ ಯಂತ್ರ ಮಾಡಲು ಹೇಳಿದರು. 1983ರ ಜುಲೈ 15ರಂದು ಆ ಕೆಂಪು-ಬಿಳಿ ಯಂತ್ರ ಹೊರಬಂತು. ಬೆಲೆ 14,800 ಯೆನ್. ಹೆಸರು ‘ಫ್ಯಾಮಿಲಿ ಕಂಪ್ಯೂಟರ್’, ಬಾಯಿಮಾತಿನಲ್ಲಿ ‘ಫ್ಯಾಮಿಕಾಮ್’. ಮನೆಮಂದಿಯೆಲ್ಲ ಆಡುವುದಾದ್ದರಿಂದ ಫ್ಯಾಮಿಲಿ ಕಂಪ್ಯೂಟರ್ ಎಂದು ಏಕೆ ಕರೆಯಬಾರದು ಎಂದು ಸೂಚಿಸಿದವರು ತಮ್ಮ ಹೆಂಡತಿ ಎಂದು ಉಯೆಮುರಾ ಹೇಳಿಕೊಂಡಿದ್ದಾರೆ. ಇದನ್ನು ಓದಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. 1984ರಲ್ಲಿ ಬಾತುಕೋಳಿ ಬೇಟೆಯ ಕ್ಯಾಸೆಟ್ಟು, 1985ರಲ್ಲಿ ಮೀಸೆಯ ಮಾರಿಯೋನ ದೊಡ್ಡ ಆಟ. ಆ ವರ್ಷವೇ ಯಂತ್ರ ಅಮೆರಿಕಕ್ಕೂ ಹೋಯಿತು. ಜಗತ್ತಿನಲ್ಲೆಲ್ಲ ಸೇರಿ ಆರು ಕೋಟಿಗೂ ಹೆಚ್ಚು ಮಾರಾಟವಾದವು.

ಆ ಲೆಕ್ಕದಲ್ಲಿ ನಮ್ಮದು ಸೇರಿಲ್ಲ. ತೈವಾನಿನಲ್ಲೂ ಚೀನಾದಲ್ಲೂ ಅದರ ನಕಲು ಲಕ್ಷಗಟ್ಟಲೆ ತಯಾರಾಗಿ, ಅಸಲಿ ಮುಟ್ಟದ ಊರುಗಳನ್ನೆಲ್ಲ ಮುಟ್ಟಿತು. ರಷ್ಯಾದಲ್ಲಿ 1992ರಿಂದ ‘ಡೆಂಡಿ’ ಎಂಬ ಹೆಸರಿನಲ್ಲಿ ಮನೆಮಾತಾಯಿತು. ಹಾಸನದ ನಮ್ಮ ನಡುಮನೆಗೆ ಬಂದದ್ದೂ ಅಂಥದ್ದೇ. ಅತ್ತೆಯವರಿಗಂತೂ ನಕಲಿಯೋ ಅಸಲಿಯೋ, ನಾಯಿ ನಗುವುದು ನಿಲ್ಲಬೇಕು, ಅಷ್ಟೆ.

ಪಿಸ್ತೂಲಿನಿಂದ ಏನೋ ಕಿರಣ ಹೊರಟು ಟಿ.ವಿ.ಗೆ ತಾಗುತ್ತದೆಂದು ನಾವೆಲ್ಲ ತಿಳಿದಿದ್ದೆವು. ಹೊರಡುವುದು ಏನೂ ಇಲ್ಲವಂತೆ! ಪಿಸ್ತೂಲು ಒಂದು ಕಣ್ಣು. ಕುದುರೆ ಎಳೆದ ಕೂಡಲೇ ತೆರೆ ಪೂರ್ತಿ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಮೂಡುತ್ತದೆ. ಎರಡು ಬಾತುಕೋಳಿ ಇದ್ದರೆ ಒಂದಾದ ಮೇಲೊಂದು. ಪಿಸ್ತೂಲಿನ ಕಣ್ಣಿಗೆ ಮೊದಲು ಕಪ್ಪು, ಆಮೇಲೆ ಬಿಳಿ ಕಂಡರೆ ಗುರಿ ತಾಗಿತೆಂದು ಲೆಕ್ಕ. ಇದೆಲ್ಲ ಟಿ.ವಿ.ಯ ಎರಡು-ಮೂರು ಪ್ರಯಾಣದೊಳಗೆ, ಅಂದರೆ ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನ ಆಸುಪಾಸಿನಲ್ಲಿ ಮುಗಿಯುತ್ತದೆ. ನಮಗೆ ಕಾಣುವುದು ಒಂದು ಮಿಂಚು. ಮಕ್ಕಳು ಟ್ಯೂಬ್‌ಲೈಟಿಗೆ ಗುರಿಯಿಟ್ಟು ಮೋಸ ಮಾಡಬಾರದೆಂದು ಇನ್ನೊಂದು ಉಪಾಯವೂ ಉಂಟು: ಪಿಕ್ಚರ್ ಟ್ಯೂಬಿನ ಚುಕ್ಕೆ ಸೆಕೆಂಡಿಗೆ ಸುಮಾರು 15 ಸಾವಿರ ಗೆರೆ ಎಳೆಯುವಾಗ ಹುಟ್ಟುವ ಮಿಣುಕಿಗೆ ಮಾತ್ರ ಓಗೊಡುವಂತೆ ಆ ಕಣ್ಣನ್ನು ಹದ ಮಾಡಿರುತ್ತಾರೆ.

ಹೊಸ ಟಿ.ವಿ.ಯಲ್ಲಿ ಓಡುವ ಚುಕ್ಕೆ ಇಲ್ಲ, ಆ ಮಿಣುಕೂ ಇಲ್ಲ. ಬೆಳಕು ಹಿಂದಿನಿಂದ ಒಂದೇ ಸಮನೆ ಬರುತ್ತದೆ. ಮೇಲಾಗಿ ಹೊಸ ಟಿ.ವಿ. ಬಂದದ್ದನ್ನು ಬಂದಂತೆ ತೋರಿಸುವುದಿಲ್ಲ. ಇಡೀ ಚಿತ್ರ ಕೈಗೆ ಬರುವ ತನಕ ಕಾದು, ಅಳೆದು, ಹಿಗ್ಗಿಸಿ, ತಿದ್ದಿ ಆಮೇಲೆ ಬಡಿಸುತ್ತದೆ. ಸಿನಿಮಾ ನೋಡುವವರಿಗೆ ಈ ತಡ ತಿಳಿಯುವುದಿಲ್ಲ. ಆಡುವವರಿಗೆ ಸೆಕೆಂಡಿನ ಹತ್ತನೆಯ ಒಂದು ಪಾಲು ತಡವಾದರೂ ಮಾರಿಯೋ ಹಳ್ಳಕ್ಕೆ. ಪಿಸ್ತೂಲಂತೂ ಬಿಳಿ ಚೌಕ ಬರುವಷ್ಟರಲ್ಲಿ ಕಣ್ಣು ಮುಚ್ಚಿಕೊಂಡಿರುತ್ತದೆ. ನಾವು ಗಾಜಿಗೇ ತಾಗಿಸಿ ಹೊಡೆದರೂ ಬೀಳದಿದ್ದದ್ದು ಇದಕ್ಕೆ.

ಚಿತ್ರ ಹರಡಿಕೊಂಡದ್ದರ ಕತೆ ಬೇರೆ. ಅದು ಕಸೂತಿ ಹಾಕುವವರಿಗೆ ಬೇಗ ಅರ್ಥವಾದೀತು. ಹಳೆಯ ಯಂತ್ರ ಬರೆಯುವ ಚಿತ್ರ ಅಗಲಕ್ಕೆ 256, ಎತ್ತರಕ್ಕೆ 240 ಚುಕ್ಕೆಯದ್ದು. ಸಾಮಾನ್ಯ ಹೊಸ ಟಿ.ವಿ.ಯ ಎತ್ತರ 1080 ಚುಕ್ಕೆ. 240ನ್ನು 1080ಕ್ಕೆ ಹಿಗ್ಗಿಸಿದರೆ ಒಂದು ಎಳೆಗೆ ನಾಲ್ಕೂವರೆ ಎಳೆ. ಅರ್ಧ ಎಳೆಯ ಮೇಲೆ ಹೊಲಿಗೆ ಹಾಕುವುದು ಹೇಗೆ? ಕೆಲವು ಕಡೆ ನಾಲ್ಕು, ಕೆಲವು ಕಡೆ ಐದು ಮಾಡಬೇಕು, ಇಲ್ಲವೇ ಎರಡರ ನಡುವೆ ಬಣ್ಣ ಕಲಸಬೇಕು. ಟಿ.ವಿ. ಎರಡನೆಯದನ್ನು ಮಾಡುತ್ತದೆ. ಇನ್ನೂ ದೊಡ್ಡ 2160 ಎಳೆಯ ಟಿ.ವಿ.ಗಳಲ್ಲಿ ಒಂದಕ್ಕೆ ಸರಿಯಾಗಿ ಒಂಬತ್ತು; ಲೆಕ್ಕ ಕೂಡುತ್ತದೆ. ಜೊತೆಗೆ ಹಳೆಯ ಆಟಗಳು ಗೆರೆ ಬಿಟ್ಟು ಗೆರೆ ಎಳೆಯುವ ಕ್ರಮವನ್ನು ಕೈಬಿಟ್ಟು, ಪ್ರತಿ ಪ್ರಯಾಣದಲ್ಲೂ ಅವೇ ಗೆರೆಗಳ ಮೇಲೆ ಬರೆಯುತ್ತಿದ್ದವು. ಪಿಕ್ಚರ್ ಟ್ಯೂಬಿಗೆ ಅದು ಸಲೀಸು. ಹೊಸ ಟಿ.ವಿ.ಗಳಲ್ಲಿ ಬಹಳಷ್ಟು ಇದನ್ನು ಅರ್ಧ ಚಿತ್ರವೆಂದು ತಪ್ಪು ತಿಳಿದು, ಇಲ್ಲದ ಇನ್ನರ್ಧವನ್ನು ಹುಡುಕಿ ಹೆಣೆಯಲು ಹೋಗಿ ಕೆಡಿಸುತ್ತವೆ. ಮೊದಲಿನ ಟಿ.ವಿ.ಯ ಆಕಾರ ನಾಲ್ಕಕ್ಕೆ ಮೂರು, ಈಗಿನದು ಹದಿನಾರಕ್ಕೆ ಒಂಬತ್ತು. ಮಾರಿಯೋ ದಪ್ಪವಾದದ್ದು ಹಾಗೆ.

ಇನ್ನೊಂದು ಸಂಗತಿ ಓದಿ ನಾನು ದಂಗಾದೆ. ಆ ಕಾಲದ ಆಟ ಬರೆದವರು ಟಿ.ವಿ.ಯ ಮಸುಕನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಸೆಗಾ ಎಂಬ ಇನ್ನೊಂದು ಜಪಾನಿ ಕಂಪನಿ 1991ರಲ್ಲಿ ‘ಸೋನಿಕ್’ ಎಂಬ ನೀಲಿ ಮುಳ್ಳುಹಂದಿಯ ಆಟ ತಂದಿತು. ಅದರಲ್ಲೊಂದು ಜಲಪಾತ. ಹಿಂದಿನ ಬಂಡೆ ಕಾಣುವಂಥ ತೆಳು ನೀರು ಬರೆಯುವ ಶಕ್ತಿ ಆ ಯಂತ್ರಕ್ಕಿಲ್ಲ. ಬರೆದವರು ಉದ್ದುದ್ದ ಪಟ್ಟೆ ಹಾಕಿದರು: ಒಂದು ಪಟ್ಟೆ ನೀರು, ಒಂದು ಪಟ್ಟೆ ಖಾಲಿ. ಸಾಧಾರಣ ಹಳದಿ ಪಿನ್ನಿನಲ್ಲಿ ಬಂದು ಪಿಕ್ಚರ್ ಟ್ಯೂಬಿನ ಮೇಲೆ ಬಿದ್ದಾಗ ಪಟ್ಟೆಗಳು ಒಂದರೊಳಗೊಂದು ಬೆರೆತು ತಿಳಿನೀರು ಕಾಣುತ್ತದೆ. ಡಬಲ್ ಶೇಡ್ ಸೀರೆಯಲ್ಲಿ ಹಾಸಿಗೊಂದು ಬಣ್ಣ, ಹೊಕ್ಕಿಗೊಂದು ಬಣ್ಣ ಹಾಕಿ ನೇಯ್ದರೆ ಮೂರನೆಯ ಬಣ್ಣ ಮಿಂಚುವುದಿಲ್ಲವೇ, ಹಾಗೆ. ಈಗಿನ ನಿಚ್ಚಳ ಟಿ.ವಿ.ಯಲ್ಲಿ ಅದೇ ಜಲಪಾತ ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಕನ್ನಡಕ ಹಾಕಿಕೊಂಡು ನೋಡಿದರೆ ಕೆಡುವ ಚಿತ್ರವೂ ಉಂಟೆಂದು ನನಗೆ ತಿಳಿದದ್ದು ಆಗಲೇ.

ನಮ್ಮ ಹಾಗೆ ಪೇಚಿಗೆ ಸಿಕ್ಕವರು ಜಗತ್ತಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಕೆಲವು ಇಂಜಿನಿಯರುಗಳು ಇದಕ್ಕೆಂದೇ ಡಬ್ಬಿಗಳನ್ನು ಮಾಡಿದ್ದಾರೆ. ಫಿನ್ಲೆಂಡಿನ ಮಾರ್ಕುಸ್ ಹೀನ್‌ಕಾರಿ ರೂಪಿಸಿದ ಒಂದು ಡಬ್ಬಿ ಚಿತ್ರ ಪೂರ್ತಿ ಬರುವ ತನಕ ಕಾಯದೆ, ಗೆರೆ ಬಂದ ಹಾಗೇ ಅದನ್ನು ಎರಡು, ಮೂರು ಪಟ್ಟು ಮಾಡಿ ದಾಟಿಸುತ್ತದೆ. ಅಮೆರಿಕದ ಮೈಕ್ ಚಿ 2023ರಲ್ಲಿ ತಂದ ಡಬ್ಬಿ ಹಳೆಯ ಗಾಜಿನ ಮೇಲಿನ ಕಪ್ಪು ಗೆರೆ, ಹೊಳಪುಗಳನ್ನು ಕೂಡ ಹೊಸ ಟಿ.ವಿ.ಯಲ್ಲಿ ನಕಲು ಮಾಡುತ್ತದೆ. ನಿಂಟೆಂಡೊದವರೇ 2016ರಲ್ಲಿ ಹಳೆಯ ಯಂತ್ರದ ಪುಟ್ಟ ಪ್ರತಿಯೊಂದನ್ನು ಹೊಸ ಟಿ.ವಿ.ಗೆ ಹೊಂದುವಂತೆ ಮಾಡಿ ಮಾರಿದರು, ಹಳೆಯ ಟಿ.ವಿ.ಯ ಹಾಗೆ ಕಾಣಿಸುವ ಅನುಕೂಲ ಅದರಲ್ಲೂ ಇತ್ತು. ಮೂವತ್ತು ವರ್ಷ ಕಷ್ಟಪಟ್ಟು ಟಿ.ವಿ.ಯ ಗೆರೆಗಳನ್ನು ಕಾಣದಂತೆ ಮಾಡಿ, ಈಗ ದುಡ್ಡು ಕೊಟ್ಟು ಗೆರೆ ಹಾಕಿಸಿಕೊಳ್ಳುತ್ತಿದ್ದಾರೆ ನೋಡಿ.

ಇದಾವುದರಿಂದಲೂ ಹಳೆಯ ಪಿಸ್ತೂಲಿಗೆ ಕಣ್ಣು ಬರುವುದಿಲ್ಲ. ಅದಕ್ಕೆ ಪಿಕ್ಚರ್ ಟ್ಯೂಬೇ ಆಗಬೇಕು. ಪಿಕ್ಚರ್ ಟ್ಯೂಬು ಮಾಡುವವರು ಈಗಿಲ್ಲ. ಹೆಸರಾದ ಟ್ರಿನಿಟ್ರಾನ್ ಟ್ಯೂಬನ್ನು 1968ರಲ್ಲಿ ಹೊರತಂದ ಸೋನಿ 2008ರಲ್ಲಿ ಅದನ್ನು ನಿಲ್ಲಿಸಿತು. ಉಳಿದ ಕಾರ್ಖಾನೆಗಳೂ ಒಂದೊಂದಾಗಿ ಮುಚ್ಚಿದವು. ಬಳಸಿದಷ್ಟೂ ಟ್ಯೂಬಿನ ಬೆಳಕು ಕುಂದುತ್ತದೆ. ಕುಂದಿದರೆ ಹಾಕಲು ಹೊಸದಿಲ್ಲ. ಅದರ ಗಾಜಿನಲ್ಲಿ ಸೀಸ ಸೇರಿರುವುದರಿಂದ ಗುಜರಿಗೂ ಅದು ಬೇಡದ ಕೂಸು. ಎಷ್ಟೋ ವರ್ಷ ನಮ್ಮ ರಾಮಾಯಣ, ಮಹಾಭಾರತ, ಕ್ರಿಕೆಟ್ಟು, ಚಿತ್ರಮಂಜರಿ ಎಲ್ಲವನ್ನೂ ಹೊತ್ತು ತೋರಿಸಿದ್ದು ಅದೇ. ಅದನ್ನು ಕೊಟ್ಟ ದಿನ ನಾನು ಒಂದು ಸಲ ಹಿಂತಿರುಗಿ ನೋಡಿದೆನೇ ಎಂದು ಈಗ ನೆನಪು ಮಾಡಿಕೊಂಡರೆ, ನೋಡಿದ್ದು ಟಿ.ವಿ.ಯನ್ನಲ್ಲ, ತೂಕದ ತಕ್ಕಡಿಯನ್ನು.

ಸಂಕ್ರಾಂತಿಗೆ ಮೊಮ್ಮಗಳು ಮತ್ತೆ ಬಂದಳು. ಅವಳು ಬರುವ ಹಿಂದಿನ ದಿನ ಆ ರಿಪೇರಿಯವರು ಆಟೋದಲ್ಲಿ ಒಂದು 14 ಇಂಚಿನ ಹಳೆಯ ಟಿ.ವಿ. ತಂದು ಇಳಿಸಿದರು. ಯಾರೋ ರಿಪೇರಿಗೆ ಕೊಟ್ಟವರು ವಾಪಸು ಒಯ್ಯದೆ ಅಂಗಡಿಯ ಮಹಡಿ ಮೆಟ್ಟಿಲ ಕೆಳಗೆ ಉಳಿದಿತ್ತಂತೆ. “ಎಷ್ಟು ದಿನ ಓಡುತ್ತೋ ಹೇಳೋಕಾಗಲ್ಲ ಅಮ್ಮಾ. ಓಡುವಷ್ಟು ದಿನ ಇಟ್ಟುಕೊಳ್ಳಿ,” ಎಂದರು. ನಾನು ಮೊದಲು ಮಾಡಿದ ಕೆಲಸ, ಅದರ ಮೇಲೆ ಚನ್ನಪಟ್ಟಣದ ಗೊಂಬೆ ಇಟ್ಟದ್ದು. ನಮ್ಮವರು ನಕ್ಕರು. ನಗಲಿ.

ಸ್ವಿಚ್ಚು ಹಾಕಿದೊಡನೆ ಮೊಮ್ಮಗಳು ಕಿವಿ ಮುಚ್ಚಿಕೊಂಡಳು. “ಅಜ್ಜಿ, ಕೀ ಅಂತಿದೆ!”

ನನಗೇನೂ ಕೇಳಲಿಲ್ಲ. ನಮ್ಮವರಿಗೂ ಕೇಳಲಿಲ್ಲ. ಗೆರೆಗಳನ್ನು ಎಳೆಸುವಾಗ ಆ ಟಿ.ವಿ.ಗಳಿಂದ ಸೆಕೆಂಡಿಗೆ 15,625 ಕಂಪನದ ಸಣ್ಣ ಕೀರಲು ಹೊರಡುತ್ತದೆ. ಮಕ್ಕಳ ಕಿವಿಗೆ ಅದು ಕೇಳುತ್ತದೆ, ವಯಸ್ಸಾದಂತೆ ಕೇಳದಾಗುತ್ತದೆ. ಮಗಳು ಚಿಕ್ಕವಳಿದ್ದಾಗ ಗೇಟಿನಿಂದಲೇ “ಅಜ್ಜಿ ಟಿ.ವಿ. ಹಾಕಿದ್ದಾರೆ” ಎಂದು ಕೂಗುತ್ತ ಬರುತ್ತಿದ್ದಳು. ಸದ್ದು ಪೂರ್ತಿ ಇಳಿಸಿಟ್ಟು ಕದ್ದು ಬೇಟೆಯಾಡುತ್ತಿದ್ದ ಅತ್ತೆಗೆ ಇವಳಿಗೆ ಹೇಗೆ ತಿಳಿಯುತ್ತದೆಂದು ಸೋಜಿಗ. ಆಗ ಅವರಿಗೆಷ್ಟು ವಯಸ್ಸೋ ಈಗ ನನಗೂ ಅಷ್ಟೆ.

ಮೊಮ್ಮಗಳು ಮೊದಲ ಬಾತುಕೋಳಿ ತಪ್ಪಿಸಿದಳು. ಎರಡನೆಯದೂ ತಪ್ಪಿತು. ನಾಯಿ ಎದ್ದು, ಬಾಯಿಗೆ ಕೈ ಹಿಡಿದು ನಕ್ಕಿತು. ನನಗೆ ಮೈ ಉರಿಯಿತು.

“ಕೊಡೇ ಇಲ್ಲಿ,” ಎಂದೆ.